ಅಳತೆ ಪುಸ್ತಕದ ಸೊನ್ನೆಗಳು

ಜನವರಿ 9, ಸೋಮವಾರ

ಡೀನ್ ಇವತ್ತು ಕರೆದು, ವರ್ಷದ ಪುಸ್ತಿಕೆಯನ್ನು ಈ ಸಲ ನಾನೇ ಸಿದ್ಧಪಡಿಸಬೇಕು ಎಂದರು. ‘ನಮ್ಮ ಅಧ್ಯಾಪಕರ ಇತ್ತೀಚಿನ ಸಂಶೋಧನೆ ಮತ್ತು ಪ್ರಕಟಣೆಗಳು’ ಎಂಬ ಪುಸ್ತಿಕೆ. ಯಾರು ಯಾವ ಪತ್ರಿಕೆಯಲ್ಲಿ ಏನು ಬರೆದರು ಎಂದು ಪಟ್ಟಿ ಮಾಡಿ, ಒಂದೊಂದಕ್ಕೂ ಹತ್ತು ಸಾಲಿನ ಸಾರಾಂಶ ಬರೆದು, ಫೆಬ್ರವರಿ ಒಂಬತ್ತರ ಸಂಶೋಧನಾ ದಿನಕ್ಕೆ ಅಚ್ಚು ಹಾಕಿಸಬೇಕು. “ನಿಮ್ಮ ಭಾಷೆ ಚೆನ್ನಾಗಿದೆ ಮೇಡಂ. ನಿಮಗೆ ಸಮಯಾನೂ ಇರುತ್ತೆ,” ಎಂದರು. ಎರಡನೆಯ ಮಾತಿನ ಅರ್ಥ ನನಗೆ ಹೊಳೆದದ್ದು ಬಾಗಿಲು ದಾಟಿದ ಮೇಲೆ. ಮೂರು ವರ್ಷದಿಂದ ನನ್ನ ಹೆಸರಿನಲ್ಲಿ ಒಂದು ಪ್ರಬಂಧವೂ ಬಂದಿಲ್ಲ. ಊಟವಿಲ್ಲದವಳಿಗೆ ಬಡಿಸುವ ಕೆಲಸ.

ಸಂಜೆ ಪಟ್ಟಿಗೆ ಕೂತೆ. ಒಬ್ಬರು ಕಚೇರಿಗಳಲ್ಲಿ ವಾಹನ ನಿಲ್ಲಿಸುವ ಜಾಗಕ್ಕೂ ನೌಕರರ ಸಿಡುಕಿಗೂ ಇರುವ ಸಂಬಂಧ ಹುಡುಕಿದ್ದಾರೆ. ಹಣಕಾಸು ವಿಭಾಗದ ಮಹಾಶಯರು ಒಂದೇ ಸಮೀಕ್ಷೆಯಿಂದ ಐದು ಪ್ರಬಂಧ ಇಳಿಸಿದ್ದಾರೆ. ಒಂದು ಅಂಗಿಯ ಬಟ್ಟೆಯಲ್ಲಿ ಐದು ಅಂಗಿ ಕತ್ತರಿಸಿದ ಹಾಗೆ. ಯಾವುದಕ್ಕೂ ತೋಳು ಸಾಲುವುದಿಲ್ಲ. ಇನ್ನು ಮೇಲೆ ಅವರು ಈ ಪುಟಗಳಲ್ಲಿ ಪಂಚಪ್ರಬಂಧ.

ಪಟ್ಟಿಯ ತುದಿಯಲ್ಲಿ, ಎಲ್ಲರಿಗಿಂತ ಮೇಲೆ, ಮೊದಲ ದರ್ಜೆಯ ಪತ್ರಿಕೆಯೊಂದು ಸ್ವೀಕರಿಸಿದ ಒಂದೇ ಒಂದು ಪ್ರಬಂಧ. ಬರೆದವಳು ನನ್ನ ತಂಗಿ. ಮನೆಯಲ್ಲಿ ಗುಬ್ಬಿ, ಕಾಲೇಜಿನಲ್ಲಿ ಡಾಕ್ಟರ್, ನನಗಿಂತ ಏಳು ವರ್ಷ ಚಿಕ್ಕವಳು, ಎರಡು ಕೋಣೆ ಆಚೆ ಕೂರುವವಳು. ಮುಂದಿನ ತಿಂಗಳು ಸಂದರ್ಶನ ನಡೆಯಲಿರುವ ಒಂದೇ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಿರುವ ಮೂವರಲ್ಲಿ ಒಬ್ಬಳು. ಉಳಿದಿಬ್ಬರು ಪಂಚಪ್ರಬಂಧ ಮತ್ತು ನಾನು.

ನನಗೇನೂ ಹೊಟ್ಟೆಕಿಚ್ಚಿಲ್ಲ. ಬರೆದಿಡುತ್ತಿದ್ದೇನೆ ಅಷ್ಟೇ. ಮಹಾರಾಣಿಗೆ ಅಭಿನಂದನೆ.

ಜನವರಿ 11, ಬುಧವಾರ

ಮಹಾರಾಣಿಯ ಪ್ರಬಂಧ ಓದಿದೆ. ಓದಿ ಒಂದು ಗಂಟೆ ಕಿಟಕಿಯಾಚೆ ನೋಡುತ್ತ ಕೂತಿದ್ದೆ.

ವಿಷಯ: ಒಬ್ಬನೇ ನಡೆಸುವ ಹೊಲಿಗೆ ಅಂಗಡಿಯೊಂದಕ್ಕೆ ಗಿರಾಕಿಗಳು ದಶಕಗಟ್ಟಲೆ ಏಕೆ ಮರಳಿ ಬರುತ್ತಾರೆ. ಆಧಾರ: ಆ ಅಂಗಡಿಯ ಇಪ್ಪತ್ತಾರು ಅಳತೆ ಪುಸ್ತಕಗಳು.

ಆ ಅಂಗಡಿ ನಮ್ಮ ಅಪ್ಪನದು. ‘ಸಾಧಾರಣ ಊರೊಂದರ ದರ್ಜಿ’ ಎಂದು ಬರೆದಿದ್ದಾಳೆ, ಯಾರೋ ಪರಕೀಯನ ಬಗ್ಗೆ ಬರೆದ ಹಾಗೆ. ಹತ್ತನೇ ವಯಸ್ಸಿನಿಂದ ಇಪ್ಪತ್ತೆರಡರವರೆಗೆ ಶಾಲೆ ಮುಗಿಸಿ, ಆಮೇಲೆ ಕಾಲೇಜು ಮುಗಿಸಿ, ಆ ಅಂಗಡಿಯ ಸ್ಟೂಲಿನ ಮೇಲೆ ಕೂತವಳು ನಾನು. ಅಪ್ಪ ಟೇಪು ಹಿಡಿದು “ಎದೆ ಮೂವತ್ತೆಂಟು, ತೋಳು ಇಪ್ಪತ್ಮೂರೂವರೆ” ಎಂದು ಹೇಳುತ್ತಿದ್ದರೆ ಬರೆದುಕೊಂಡವಳು ನಾನು. ಇದರ ಮೇಲೆ ಒಂದು ದಿನ ಬರೆಯಬೇಕು ಎಂದು ಹದಿನಾಲ್ಕು ವರ್ಷದಿಂದ ಅಂದುಕೊಳ್ಳುತ್ತಿರುವವಳೂ ನಾನೇ. ಯಾರಿಗೂ ಹೇಳಿರಲಿಲ್ಲ, ನಿಜ. ಹೇಳದಿದ್ದರೆ ಅದು ನನ್ನದಲ್ಲವೆ?

ಮನೆಗೆ ಬಂದು ಅಪ್ಪನನ್ನು ಕೇಳಿದೆ. ಅಪ್ಪ ನನ್ನ ಜೊತೆಗೇ ಇರುವುದು. ಎಪ್ಪತ್ತೆಂಟಾದರೂ ಬೆಳಗಿನ ಹೊತ್ತು ಮೂರು ತಾಸು ಅಂಗಡಿ ತೆರೆದು ಹಳೆಯ ಗಿರಾಕಿಗಳ ಬಟ್ಟೆ ಸಡಿಲ ಬಿಗಿ ಮಾಡಿಕೊಟ್ಟು ಬರುತ್ತಾರೆ. ಸೂಜಿಗೆ ದಾರ ಪೋಣಿಸುತ್ತಿದ್ದರು.

“ಅಳತೆ ಪುಸ್ತಕ ಎಲ್ಲಾ ಅವಳಿಗೆ ಯಾಕಪ್ಪಾ ಕೊಟ್ಟೆ?”

“ಕೇಳಿದ್ಲು, ಕೊಟ್ಟೆ.”

“ನನಗೊಂದು ಮಾತು ಹೇಳ್ಬಾರ್ದಿತ್ತಾ?”

“ನೀನೂ ಕೇಳಿದ್ರೆ ಕೊಡ್ತಿದ್ದೆ ಕಣಮ್ಮ. ನೀನು ಕೇಳ್ಲಿಲ್ವಲ್ಲ.” ದಾರ ತೂರಿತು. ಅವರಿಗೆ ಅದರದೇ ಸಂತೋಷ.

ಜನವರಿ 16, ಸೋಮವಾರ

ಕಾಲೇಜಿನ ಕಾರಿಡಾರಿನಲ್ಲಿ ಏಳು ಜನ ನನಗೆ ಅಭಿನಂದನೆ ಹೇಳಿದರು. ಅವಳ ಪ್ರಬಂಧಕ್ಕೆ, ನನಗೆ. ಗ್ರಂಥಪಾಲಕಿ ಕೈ ಹಿಡಿದುಕೊಂಡು, “ಅಕ್ಕನ ಗರಡೀಲಿ ಪಳಗಿದೋರು, ಕೇಳ್ಬೇಕಾ?” ಎಂದಳು. ನಕ್ಕೆ. ದವಡೆ ಇನ್ನೂ ನೋಯುತ್ತಿದೆ.

ಜನವರಿ 20, ಶುಕ್ರವಾರ

ಅವಳ ಪ್ರಬಂಧಕ್ಕೆ ಹತ್ತು ಸಾಲು ಬರೆಯಲು ಇಡೀ ದಿನ ಹಿಡಿಯಿತು. ಮೊದಲ ಸಲ ಬರೆದದ್ದು ಸಪ್ಪೆಯಾಗಿತ್ತು, ಬೇಕೆಂದೇ. ಎರಡನೆಯದು ಇನ್ನೂ ಸಪ್ಪೆ. ಅದನ್ನು ಓದಿದವರು ಇವಳಿಗೆ ಬರೆಯಲು ಬರುವುದಿಲ್ಲ ಎಂದುಕೊಳ್ಳುತ್ತಾರೆ. ಇವಳು ಅಂದರೆ ನಾನು. ಮೂರನೆಯ ಸಲ ಸರಿಯಾಗಿ ಬರೆದೆ. ಪಟ್ಟಿಯಲ್ಲೆಲ್ಲ ಅದೇ ಚೆನ್ನಾಗಿ ಬಂದಿದೆ. ನನ್ನ ಕರ್ಮ.

ಜನವರಿ 28, ಶನಿವಾರ

ಎಷ್ಟು ದಿನವಾಗಿತ್ತು ಇಷ್ಟು ಹಗುರವಾಗಿ.

ಸಾರಾಂಶವನ್ನು ಅಚ್ಚಿಗೆ ಕಳಿಸುವ ಮುನ್ನ ಒಮ್ಮೆ ಪ್ರಬಂಧದ ಜೊತೆ ತಾಳೆ ನೋಡುತ್ತಿದ್ದೆ. ವಿಧಾನ ವಿವರಿಸುವ ಭಾಗವನ್ನು ಅಂದು ಸಿಟ್ಟಿನಲ್ಲಿ ಹಾರಿಸಿಬಿಟ್ಟಿದ್ದೆ. ಇವತ್ತು ಓದಿದೆ. ಅಳತೆ ಪುಸ್ತಕದಲ್ಲಿ ಕೆಲವು ಹೆಸರುಗಳ ಪಕ್ಕ ಒಂದು ಸಣ್ಣ ಸೊನ್ನೆ ಇರುತ್ತದೆ. ಮಹಾರಾಣಿ ಬರೆಯುತ್ತಾಳೆ: ‘ಸೊನ್ನೆ ಎಂದರೆ ಗಿರಾಕಿ ದೂರು ಹೇಳಿ, ಬಟ್ಟೆಯನ್ನು ಬಿಚ್ಚಿ ಮತ್ತೆ ಹೊಲಿದುಕೊಟ್ಟದ್ದು.’ ಅವಳ ಇಡೀ ವಾದ ನಿಂತಿರುವುದು ಅದರ ಮೇಲೆ. ಸೊನ್ನೆ ಇರುವವರು ಸೊನ್ನೆ ಇಲ್ಲದವರಿಗಿಂತ ಸರಾಸರಿ ಒಂಬತ್ತು ವರ್ಷ ಹೆಚ್ಚು ಬಂದಿದ್ದಾರಂತೆ. ಆದ್ದರಿಂದ, ಒಮ್ಮೆ ದೂರು ಕೊಟ್ಟು ಸರಿಮಾಡಿಸಿಕೊಂಡ ಗಿರಾಕಿ ದೂರೇ ಕೊಡದ ಗಿರಾಕಿಗಿಂತ ಗಟ್ಟಿ ಎಂದು ತೀರ್ಮಾನ.

ಸೊನ್ನೆಯ ಅರ್ಥ ಅದಲ್ಲವೇ ಅಲ್ಲ.

ಕೆಲವರಿಗೆ ಒಂದು ಭುಜ ಇನ್ನೊಂದಕ್ಕಿಂತ ಇಳಿದಿರುತ್ತದೆ. ಕೆಲವರ ಬೆನ್ನು ಒಂದು ಕಡೆ ಉಬ್ಬಿರುತ್ತದೆ. ಅದು ಅವರಿಗೇ ಗೊತ್ತಿರುವುದಿಲ್ಲ, ಇಲ್ಲವೇ ಗೊತ್ತಿದ್ದು ಮುಚ್ಚಿಟ್ಟುಕೊಂಡಿರುತ್ತಾರೆ. ಅಪ್ಪ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಅಳತೆ ಹೇಳುತ್ತ ಹೇಳುತ್ತ ಒಮ್ಮೆ ಕೆಮ್ಮುತ್ತಿದ್ದರು. ಕೆಮ್ಮಿದರೆ ನಾನು ಸೊನ್ನೆ ಹಾಕಬೇಕು. ಆಮೇಲೆ ಹೊಲಿಯುವಾಗ ಆ ಭುಜಕ್ಕೆ ಒಳಗಿನಿಂದ ಒಂದು ತೆಳು ಪದರ ಬಟ್ಟೆ ಇಡುತ್ತಿದ್ದರು. ತೊಟ್ಟವರು ಕನ್ನಡಿ ನೋಡಿ, ಇವನು ಹೊಲಿದರೆ ಮಾತ್ರ ನಾನು ಚೆನ್ನಾಗಿ ಕಾಣುತ್ತೇನೆ ಎಂದುಕೊಂಡು ಹೋಗುತ್ತಿದ್ದರು. ದೂರೂ ಇಲ್ಲ, ಬಿಚ್ಚುವುದೂ ಇಲ್ಲ.

ಮಹಾರಾಣಿಗೆ ಇದು ಗೊತ್ತಿಲ್ಲ. ಗೊತ್ತಿರುವುದು ಅಪ್ಪನಿಗೆ ಮತ್ತು ನನಗೆ. ಅಪ್ಪ ಪ್ರಬಂಧ ಓದುವವರಲ್ಲ.

ಎರಡು ಲೋಟ ಚಹಾ ಕುಡಿದೆ. ಬಟ್ಟೆ ಒಣಹಾಕುವಾಗ ಹಾಡು ಗುನುಗುತ್ತಿದ್ದೆನಂತೆ, ಅಪ್ಪ ಹೇಳಿದರು.

ಜನವರಿ 31, ಮಂಗಳವಾರ

ಮಧ್ಯಾಹ್ನ ಊಟದ ಡಬ್ಬಿ ಹಿಡಿದುಕೊಂಡು ಅವಳೇ ನನ್ನ ಕೋಣೆಗೆ ಬಂದಳು. ತಿನ್ನುವಾಗ ಕಾಲು ಕುಣಿಸುವ ಅಭ್ಯಾಸ ಇನ್ನೂ ಹೋಗಿಲ್ಲ.

“ಅಕ್ಕಾ, ಒಂದು ಉಪಕಾರ. ಪ್ರೂಫ್ ಬಂದಿದೆ. ಶುಕ್ರವಾರ ವಾಪಸ್ ಕಳಿಸ್ಬೇಕು. ನೀನೊಂದ್ಸಲ ಓದಿಬಿಡ್ತೀಯಾ? ನನ್ನ ಕಣ್ಣಿಗೆ ಏನೂ ಕಾಣಿಸ್ತಿಲ್ಲ ಈಗ, ಅಷ್ಟು ಸಲ ನೋಡಿದೀನಿ.”

“ನಾನ್ಯಾಕೆ? ದೊಡ್ಡ ದೊಡ್ಡೋರೆಲ್ಲಾ ಓದಿದಾರಲ್ಲ.”

“ಅವರು ಅಂಗಡಿ ನೋಡಿದಾರಾ? ನೀನು ಓದಿದ್ರೆ ಧೈರ್ಯ ನಂಗೆ.”

ಕಾಗದದ ಕಟ್ಟು ಮೇಜಿನ ಮೇಲಿಟ್ಟು, ನನ್ನ ಡಬ್ಬಿಯಿಂದ ಒಂದು ತುತ್ತು ಎತ್ತಿ ಬಾಯಿಗೆ ಹಾಕಿಕೊಂಡು ಹೋದಳು.

ಫೆಬ್ರವರಿ 2, ಗುರುವಾರ

ಪ್ರೂಫ್ ಹಿಂದಿರುಗಿಸಿದೆ. ಎರಡು ಅಲ್ಪವಿರಾಮ ತಿದ್ದಿದೆ. ಒಂದು ಕಡೆ ಎರಡು ಸಲ ಬಿದ್ದ ಪದವನ್ನು ಹೊಡೆದು ಹಾಕಿದೆ. “ಚೆನ್ನಾಗಿದೆ,” ಎಂದೆ.

“ಅಷ್ಟೇನಾ ಅಕ್ಕಾ?”

“ಅಷ್ಟೇ.”

ಅವಳು ನನ್ನ ಹೆಗಲಿಗೆ ತಲೆ ಒತ್ತಿ, ಓಡಿದಳು.

ಅವಳು ಕೇಳಿದ್ದು ಭಾಷೆ ನೋಡು ಎಂದು. ನೋಡಿದೆ. ಸೊನ್ನೆಯ ಅರ್ಥವೇನು ಎಂದು ಅವಳು ಕೇಳಲಿಲ್ಲ. ಕೇಳದ್ದನ್ನು ನಾನೇಕೆ ಹೇಳಲಿ? ‘ನೀನು ಕೇಳ್ಲಿಲ್ವಲ್ಲ’ ಎಂದು ನನಗೂ ಒಬ್ಬರು ಹೇಳಿದ್ದಾರೆ.

ಫೆಬ್ರವರಿ 3, ಶುಕ್ರವಾರ

ಯೋಚನೆ ಮಾಡಿ ಆಯಿತು. ಸಂಶೋಧನಾ ದಿನ ಅವಳು ಎಲ್ಲರ ಮುಂದೆ ಪ್ರಬಂಧ ಮಂಡಿಸುತ್ತಾಳೆ. ಹುದ್ದೆಯ ಸಂದರ್ಶನಕ್ಕೆ ಬರುವ ಹೊರಗಿನ ಇಬ್ಬರು ತಜ್ಞರೂ ಅಂದು ಮುಂದಿನ ಸಾಲಿನಲ್ಲಿರುತ್ತಾರೆ. ಪ್ರಶ್ನೆಯ ಹೊತ್ತಿನಲ್ಲಿ ಎದ್ದು, ಮೆತ್ತಗೆ, ಸೊನ್ನೆಯ ಅರ್ಥವನ್ನು ಯಾರನ್ನು ಕೇಳಿ ಖಚಿತಪಡಿಸಿಕೊಂಡಿರಿ ಎಂದು ಕೇಳುತ್ತೇನೆ. ಅಷ್ಟೇ. ಒಂದು ಪ್ರಶ್ನೆ. ವಿದ್ಯಾಸಂಸ್ಥೆಯಲ್ಲಿ ಪ್ರಶ್ನೆ ಕೇಳುವುದು ತಪ್ಪೆಂದು ಯಾರೂ ಹೇಳಲಾರರು.

ಪ್ರಶ್ನೆಯನ್ನು ಒಂದು ಚೀಟಿಯ ಮೇಲೆ ಬರೆದೆ. ನಾಲ್ಕು ಸಲ ತಿದ್ದಿದೆ. ಮೂರು ವರ್ಷದಲ್ಲಿ ನಾನು ಇಷ್ಟು ಶ್ರದ್ಧೆಯಿಂದ ಬರೆದದ್ದು ಇದೊಂದೇ ಇರಬೇಕು.

ಕೈಯಲ್ಲಿ ಸಾಕ್ಷಿಯೂ ಇರಬೇಕು. ಹಳೆಯ ಪುಸ್ತಕದಲ್ಲಿ ನನ್ನದೇ ಅಕ್ಷರದ ಒಂದು ಪುಟ. ಪುಸ್ತಕಗಳೆಲ್ಲ ಅವಳ ಮನೆಯಲ್ಲಿವೆ. ಅಚ್ಚಾದ ಪುಸ್ತಿಕೆಯ ಜೊತೆ ಪ್ರದರ್ಶನಕ್ಕೆ ಇಡಲು ಬೇಕು ಎಂದು ಫೋನ್ ಮಾಡಿದೆ. “ಅಯ್ಯೋ, ಎಲ್ಲಾನೂ ತಗೊಂಡು ಹೋಗು ಅಕ್ಕಾ,” ಎಂದಳು. ಎಷ್ಟು ಸುಲಭವಾಗಿ ನಂಬುತ್ತಾಳೆ. ಚಿಕ್ಕವಳಿದ್ದಾಗಲೂ ಹಾಗೇ.

ಫೆಬ್ರವರಿ 5, ಭಾನುವಾರ

ಬೆಳಗ್ಗೆ ಅವಳ ಮನೆಗೆ ಹೋಗಿ ಟ್ರಂಕು ತಂದೆ. ಅವಳ ಗಂಡ ಕೆಳಗಿನ ತನಕ ಹೊತ್ತು ತಂದು ಗಾಡಿಗೆ ಇಟ್ಟ. ಮಧ್ಯಾಹ್ನ ಊಟವಾದ ಮೇಲೆ ನೆಲದ ಮೇಲೆ ಹಳೆ ಚಾದರ ಹಾಸಿ ಪುಸ್ತಕಗಳನ್ನು ಸಾಲಾಗಿ ಜೋಡಿಸಿದೆ. ಅಪ್ಪ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು.

ಮೊದಲ ಪುಸ್ತಕದಲ್ಲಿ ನನ್ನ ಅಕ್ಷರ ಗೋಲಿಗಳ ಹಾಗೆ ದಪ್ಪ ದಪ್ಪ. ಮೂರನೆಯದಕ್ಕೆ ಬರುವಷ್ಟರಲ್ಲಿ ಸಣ್ಣಗಾಗಿದೆ. ಏಳು, ಎಂಟರಲ್ಲಿ ಯಾರನ್ನೋ ಮೆಚ್ಚಿಸಲು ಹೊರಟ ಹಾಗೆ ಬಾಲ ಎಳೆದು ಬರೆದಿದ್ದೇನೆ. ಹದಿಮೂರರಲ್ಲಿ ಅವಸರ, ಆಗಲೇ ಮನಸ್ಸು ಊರು ಬಿಟ್ಟಿತ್ತು. ಸೊನ್ನೆಗಳು ಎಲ್ಲ ಕಡೆ ಇವೆ. ನೋಡಿದ ಕೂಡಲೆ ಆ ಜನ ಕಣ್ಣ ಮುಂದೆ ಬಂದರು. ಬಲಭುಜ ಇಳಿದಿದ್ದ ಅಂಚೆಯವರು. ಸೊಂಟ ಒಂದು ಕಡೆ ವಾಲಿದ್ದ ಸಂಗೀತದ ಮೇಷ್ಟ್ರು.

ಹದಿನಾಲ್ಕನೆಯದನ್ನು ತೆರೆದೆ. ಬೇರೆ ಅಕ್ಷರ.

“ಇದ್ಯಾರದಪ್ಪಾ?”

“ಇನ್ಯಾರದು? ಗುಬ್ಬೀದು. ನೀನು ಓದೋಕೆ ಹೋದ ಮಾರನೇ ದಿನಾನೇ ಬಂದು ಸ್ಟೂಲ್ ಮೇಲೆ ಕೂತ್ಲು. ಬಾ ಅಂತ ನಾನು ಕರೀಲಿಲ್ಲ. ಅಳತೆ ಹಿಡಿಯೋದು, ಬರೆಯೋದು ಎರಡೂ ಒಬ್ಬನ ಕೈಲಿ ಆಗ್ತಿರ್ಲಿಲ್ಲ, ಅದನ್ನ ನೋಡಿದ್ಲು.”

“ಎಷ್ಟು ದಿನ?”

“ದಿನ ಏನು ಬಂತು. ಹತ್ತು ವರ್ಷ. ನೀನು ವಾಪಸ್ ಬಂದೆ, ಅವಳು ಓದೋಕೆ ಹೋದ್ಲು.”

ನನಗಿದು ಗೊತ್ತಿರಲಿಲ್ಲ ಎನ್ನಲಾರೆ. ಅವಳು ಅಂಗಡಿಯಲ್ಲಿರುತ್ತಾಳೆ ಎಂದು ಅಮ್ಮ ಪತ್ರದಲ್ಲಿ ಬರೆಯುತ್ತಿದ್ದಳು. ಅಲ್ಲಿ ಕೂತು ಪಾಠ ಓದಿಕೊಳ್ಳುತ್ತಾಳೆ ಎಂದು ನಾನು ಅಂದುಕೊಂಡಿದ್ದೆ. ರಜೆಗೆ ಬಂದಾಗ ಅಂಗಡಿಯ ಕಡೆ ತಲೆ ಹಾಕುತ್ತಿರಲಿಲ್ಲ. ಹನ್ನೆರಡು ವರ್ಷ ಸಾಕಾಗಿತ್ತು. ಹದಿನಾಲ್ಕರಿಂದ ಇಪ್ಪತ್ಮೂರರವರೆಗೆ, ಹತ್ತು ಪುಸ್ತಕ, ಪೂರ್ತಿ ಅವಳ ಅಕ್ಷರ. ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬೀಜಗಣಿತ. ಒಂದು ಕಡೆ ‘ನಾಳೆ ಪರೀಕ್ಷೆ, ಇವತ್ತೇ ಎಲ್ಲರಿಗೂ ಪ್ಯಾಂಟ್ ಬೇಕು’ ಎಂದು ಬರೆದುಕೊಂಡಿದ್ದಾಳೆ. ಹದಿನೈದು ವರ್ಷದ ಹುಡುಗಿ.

ಅವಳ ಪುಟಗಳಲ್ಲೂ ಸೊನ್ನೆ ಇದೆ. ಬೆರಳಿಟ್ಟು ಅಪ್ಪನನ್ನು ಕೇಳಿದೆ.

“ಅದು ಅವಳ ಗುರುತು. ಬಿಚ್ಚಿ ಹೊಲಿದದ್ದಕ್ಕೆ.”

“ಸೊನ್ನೆ ಅಂದ್ರೆ ಭುಜ ಅಲ್ವಾ?”

“ನಿನ್ನ ಕಾಲದಲ್ಲಿ. ನೀನು ಹೋದ್ಮೇಲೆ ನಾನು ಅದನ್ನ ಬರೆಸೋದು ಬಿಟ್ಟೆ. ಅವಳಿನ್ನೂ ಚಿಕ್ಕೋಳು, ಜನರ ಮೈ ನೋಡಿ ಗುರುತು ಹಾಕು ಅಂತ ಹೆಂಗೆ ಹೇಳೋದು? ತಲೇಲೇ ಇಟ್ಕೊಂಡೆ. ಅವಳಿಗೆ ಬಿಚ್ಚಿದ್ದಕ್ಕೆ ಒಂದು ಗುರುತು ಬೇಕಿತ್ತು. ಹಳೇ ಪುಸ್ತಕದಲ್ಲಿ ಸೊನ್ನೆ ನೋಡಿದ್ಲು, ಅದಕ್ಕೇ ಇರ್ಬೇಕು ಅಂತ ತಾನೂ ಹಾಕಿದ್ಲು.”

“ನೀನು ಹೇಳ್ಲಿಲ್ವಾ?”

“ಕೇಳ್ಲಿಲ್ಲ.”

ಅಂದರೆ ಲೆಕ್ಕ ಹೀಗೆ. ಮೊದಲ ಹದಿಮೂರು ಪುಸ್ತಕಗಳಲ್ಲಿ ಅವಳು ತಪ್ಪು. ಆಮೇಲಿನ ಹತ್ತರಲ್ಲಿ ನಾನು ತಪ್ಪು. ಕೊನೆಯ ಮೂರರಲ್ಲಿ ಅಪ್ಪನೇ ಬರೆದಿದ್ದಾರೆ, ಸೊನ್ನೆಯೇ ಇಲ್ಲ.

ಇದರಿಂದ ಏನೂ ಬದಲಾಗುವುದಿಲ್ಲ. ಅರ್ಧ ತಪ್ಪಾದರೂ ತಪ್ಪು ತಪ್ಪೇ. ನನ್ನ ಪ್ರಶ್ನೆ ಹಾಗೇ ಇದೆ. ಚೀಟಿಯನ್ನು ಕೈಚೀಲದಲ್ಲಿ ಇಟ್ಟುಕೊಂಡಿದ್ದೇನೆ.

ಅವಳ ‘ಎ’ ಅಕ್ಷರ ಅಮ್ಮನದರ ಹಾಗೇ ಇದೆ. ಇಷ್ಟು ವರ್ಷ ಗಮನಿಸಿರಲಿಲ್ಲ.

ಫೆಬ್ರವರಿ 9, ಗುರುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಸಭಾಂಗಣ ತುಂಬಿತ್ತು. ಪುಸ್ತಿಕೆ ಬಿಡುಗಡೆಯಾಯಿತು. ಡೀನ್ ನನ್ನ ಹೆಸರು ಹೇಳಿದರು. ಚಪ್ಪಾಳೆ ಬಂತು, ಬೇಗ ನಿಂತಿತು. ನಾನು ಮೂರನೇ ಸಾಲಿನಲ್ಲಿ, ಚೀಟಿ ಅಂಗೈಯಲ್ಲಿ. ಅವಳು ಮಾತಾಡಿದಳು. ಚೆನ್ನಾಗಿ ಮಾತಾಡಿದಳು, ಅದೇ ಸಂಕಟ. ಅಪ್ಪನ ಅಂಗಡಿ ಎಂದು ಮೊದಲಿಗೇ ಹೇಳಿಬಿಟ್ಟಳು. ಕತ್ತರಿಸುವ ಮೇಜು, ಬಾಗಿಲ ಹತ್ತಿರದ ಉದ್ದ ಕನ್ನಡಿ, ಎಲ್ಲವನ್ನೂ ಎರಡೇ ಮಾತಿನಲ್ಲಿ ನಿಲ್ಲಿಸಿದಳು. ಹೊರಗಿನ ತಜ್ಞರಲ್ಲಿ ಒಬ್ಬರು ಬರೆದುಕೊಳ್ಳುವುದನ್ನು ಬಿಟ್ಟು ಕೇಳುತ್ತಿದ್ದರು.

ನಾನು ಏಳುವ ಮೊದಲು ಪಂಚಪ್ರಬಂಧ ಎದ್ದರು. ನನ್ನ ಪ್ರಶ್ನೆಯನ್ನು ಅವರೇ ಕೇಳಿಬಿಟ್ಟರು, ಒರಟಾಗಿ. “ಒಂದು ಸೊನ್ನೆಯ ಮೇಲೆ ಇಷ್ಟು ದೊಡ್ಡ ಮನೆ ಕಟ್ಟಿದೀರಲ್ಲ, ಅದರ ಅರ್ಥ ಅದೇ ಅಂತ ನಿಮಗೆ ಹೇಗೆ ಗೊತ್ತು?”

ಅವಳು ನಕ್ಕಳು. “ಆ ಗುರುತು ಹಾಕಿದ್ದೇ ನಾನು ಸರ್, ಹತ್ತು ವರ್ಷ. ಅದಕ್ಕೆ ಮುಂಚೆ ಬರೀತಿದ್ದದ್ದು ನನ್ನ ಅಕ್ಕ. ಇಲ್ಲೇ ಇದಾರೆ. ಪ್ರೂಫ್ ಕೂಡ ಓದಿದಾರೆ.”

ಎಲ್ಲರ ತಲೆ ನನ್ನ ಕಡೆ ತಿರುಗಿತು. ಡೀನ್ ಮೈಕು ಕೈಗೆತ್ತಿಕೊಂಡು, “ಹಾಗಾದ್ರೆ ಮೇಡಂ, ನೀವೇ ಹೇಳ್ಬಿಡಿ,” ಎಂದರು.

ಎದ್ದು ನಿಂತೆ. ನಾನು ಬೇಡಿಕೊಂಡಿದ್ದರೂ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಅವಳು ವೇದಿಕೆಯ ಮೇಲೆ ನನ್ನನ್ನೇ ನೋಡುತ್ತಿದ್ದಳು, ಪರೀಕ್ಷೆಯಲ್ಲಿ ಗೊತ್ತಿರುವ ಪ್ರಶ್ನೆ ಬಂದಾಗಿನ ಮುಖ. ಹೌದು ಎಂದರೆ ಸುಳ್ಳು. ಇಲ್ಲ ಎಂದರೆ ಅವಳು ಅಲ್ಲೇ ಮುಗಿದಳು.

“ನೆನಪಿಲ್ಲ. ಪುಸ್ತಕ ನೋಡಿ ಹೇಳ್ತೀನಿ,” ಎಂದು ಕೂತೆ. ಅವಳ ಮುಖದಲ್ಲಿ ಏನೋ ಆರಿತು. ಆದರೂ ಮುಂದಿನ ಪ್ರಶ್ನೆಗೆ ಉತ್ತರ ಕೊಟ್ಟಳು.

ಎಲ್ಲ ಮುಗಿದ ಮೇಲೆ ಮೆಟ್ಟಿಲ ಹತ್ತಿರ ಹಿಡಿದು ನಿಲ್ಲಿಸಿ ಹೇಳಿದೆ. ಕೆಮ್ಮು, ಭುಜ, ಹದಿಮೂರು ಪುಸ್ತಕ. ಒಂದೇ ಉಸಿರಿಗೆ ಹೇಳಿದೆ. ಅವಳು ಕೈಕಂಬಿ ಹಿಡಿದುಕೊಂಡು ಕೇಳಿದಳು.

“ಅಪ್ಪನಿಗೆ ಕೆಮ್ಮು ಇತ್ತು ಅಂದ್ಕೊಂಡಿದ್ದೆ,” ಎಂದಳು ಕೊನೆಗೆ. ಆಮೇಲೆ, “ಇದು ನಿಂಗೆ ಯಾವಾಗ ಗೊತ್ತಾಯ್ತು?”

“ನಿನ್ನ ಪುಸ್ತಕದ ಸೊನ್ನೆ ಬೇರೆ ಅಂತ ಭಾನುವಾರ.”

“ಅದಲ್ಲ. ನನ್ನ ಪ್ರಬಂಧದಲ್ಲಿ ತಪ್ಪಿದೆ ಅಂತ.”

ಅಂಗೈಯಲ್ಲಿದ್ದ ಚೀಟಿಯನ್ನು ಮುದುರಿದೆ.

“ನೀನು ಪ್ರೂಫ್ ಓದಿದ್ದೆ ಅಲ್ವಾ ಅಕ್ಕಾ.”

ಕೂಗಲಿಲ್ಲ. ಅಳಲಿಲ್ಲ. ಕೈಯಲ್ಲಿದ್ದ ಪುಸ್ತಿಕೆಯನ್ನು ಎರಡು ಮಡಿಕೆ ಮಾಡಿ ಚೀಲಕ್ಕೆ ತುರುಕಿಕೊಂಡು ಮೆಟ್ಟಿಲಿಳಿದು ಹೋದಳು.

ಫೆಬ್ರವರಿ 10, ಶುಕ್ರವಾರ

ಬೆಳಗ್ಗೆಯೇ ಪತ್ರಿಕೆಗೆ ಬರೆದು ಪ್ರಕಟಣೆ ತಡೆಹಿಡಿಸಿದ್ದಾಳೆ. ಡೀನ್‌ಗೂ ಅವಳೇ ಹೋಗಿ ಹೇಳಿದಳಂತೆ, ತನ್ನ ಆಧಾರದಲ್ಲಿ ದೋಷವಿದೆ ಎಂದು. ಪ್ರೂಫಿನ ವಿಷಯ ಎತ್ತಿಲ್ಲ. ಡೀನ್ ನನ್ನ ಹತ್ತಿರ, “ಪಾಪ, ಒಳ್ಳೆ ಹೊತ್ತಲ್ಲೇ ಹೀಗಾಗ್ಬೇಕಾ,” ಎಂದರು.

ಪುಸ್ತಿಕೆ ಆಗಲೇ ಅಚ್ಚಾಗಿದೆ. ಅವಳ ಪ್ರಬಂಧ ಸದ್ಯ ಹಿಂತೆಗೆಯಲ್ಪಟ್ಟಿದೆ ಎಂಬ ತಿದ್ದುಪಡಿ ಚೀಟಿಯನ್ನು ಇನ್ನೂರು ಪ್ರತಿಗಳಿಗೂ ಅಂಟಿಸಬೇಕು. ಸಂಪಾದಕಿ ನಾನೇ.

ಫೆಬ್ರವರಿ 14, ಮಂಗಳವಾರ

ಇನ್ನೂರು ಚೀಟಿ ಅಂಟಿಸಿದೆ. ಕಚೇರಿಯವರು ನಾವು ಮಾಡ್ತೀವಿ ಎಂದರು, ಕೊಡಲಿಲ್ಲ. ಚೀಟಿ ಕೂರಬೇಕಾದ ಜಾಗ ನಾನು ಮೂರು ಸಲ ಬರೆದ ಆ ಹತ್ತು ಸಾಲಿನ ಮೇಲೆಯೇ. ಬೆರಳಿಗೆಲ್ಲ ಅಂಟು. ನಾನು ಬಯಸಿದ್ದು ಇದನ್ನೇ ತಾನೆ? ಪಟ್ಟಿಯ ತುದಿಯಿಂದ ಅವಳ ಹೆಸರು ಹೋಗಬೇಕೆಂದು. ಹೋಯಿತು.

ಅವಳು ಕಾರಿಡಾರಿನಲ್ಲಿ ಎದುರಾದಳು. “ನಮಸ್ಕಾರ ಮೇಡಂ,” ಎಂದಳು. ಮೇಡಂ.

ಫೆಬ್ರವರಿ 15, ಬುಧವಾರ

ಏನೂ ಇಲ್ಲ.

ಫೆಬ್ರವರಿ 19, ಭಾನುವಾರ

ಮೊದಲ ಪುಸ್ತಕದಿಂದ ಶುರು ಮಾಡಿದ್ದೇನೆ. ಸೊನ್ನೆ ಇರುವ ಪ್ರತಿ ಹೆಸರು, ಯಾವ ಭುಜ, ಎಷ್ಟು, ಎಷ್ಟು ವರ್ಷ ಬಂದರು. ನನಗೆ ನೆನಪಾಗದ್ದನ್ನು ಅಪ್ಪನನ್ನು ಕೇಳುತ್ತೇನೆ. ಅವರಿಗೆ ಹೆಸರು ಮರೆತಿರುತ್ತದೆ, ಮೈ ಮರೆತಿರುವುದಿಲ್ಲ. “ಎಡ, ಅರ್ಧ ಇಂಚು. ಕೊರಳು ಗಿಡ್ಡ,” ಎನ್ನುತ್ತಾರೆ ಕಣ್ಣು ಮುಚ್ಚಿಕೊಂಡೇ. ಇವತ್ತು ಮೂವತ್ತೊಂದು ಆಯಿತು.

ಇದನ್ನು ನಾನು ನನಗಾಗಿಯೇ ಮಾಡುತ್ತಿದ್ದೇನೆ. ಹೇಗೂ ಟ್ರಂಕು ಮನೆಯಲ್ಲಿದೆ.

ಫೆಬ್ರವರಿ 27, ಸೋಮವಾರ

ಸಂದರ್ಶನ. ಅಪ್ಪ ಹೊಲಿದುಕೊಟ್ಟ ಕಂದು ಕೋಟು ತೊಟ್ಟು ಹೋದೆ. ಇತ್ತೀಚಿನ ಸಂಶೋಧನೆ ಏನು ಎಂದು ಕೇಳಿದರು. ಹಳೆಯ ಎರಡು ಪ್ರಬಂಧ ಹೇಳಿ ಮುಗಿಸಬಹುದಿತ್ತು. ಸೊನ್ನೆಗಳ ಕುರಿತು ಮಾತಾಡಿದೆ. ಇದು ನಿಮ್ಮ ಸ್ವಂತ ಕೆಲಸವೇ ಎಂದರು. ಇಲ್ಲ, ತಂಗಿಯದು, ನಾನು ಅವಳಿಗೆ ಬೇಕಾದ ಮಾಹಿತಿ ಸರಿಪಡಿಸುತ್ತಿದ್ದೇನೆ ಎಂದೆ. ಹಾಗೆ ಏಕೆ ಹೇಳಿದೆನೋ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮಾರ್ಚ್ 3, ಶುಕ್ರವಾರ

ಹುದ್ದೆ ಪಂಚಪ್ರಬಂಧರಿಗೆ. ಹಂಚಿದ ಸಿಹಿಯನ್ನು ತಿಂದೆ. ಚೆನ್ನಾಗಿಯೇ ಇತ್ತು.

ಮಾರ್ಚ್ 8, ಬುಧವಾರ

ಹದಿಮೂರೂ ಮುಗಿದವು. ನಾನೂರ ಹನ್ನೆರಡು ಸೊನ್ನೆ. ಮುನ್ನೂರ ತೊಂಬತ್ತಕ್ಕೆ ಉತ್ತರ ಸಿಕ್ಕಿದೆ. ಶುದ್ಧ ಪ್ರತಿ ಮಾಡಿ ಕವರಿನಲ್ಲಿ ಹಾಕಿ ಅವಳ ಕೋಣೆಯ ಬಾಗಿಲ ಸಂದಿಯಿಂದ ಒಳಗೆ ತಳ್ಳಿದೆ. ಪತ್ರ ಬರೆಯಲು ಹೊರಟೆ. ‘ಗುಬ್ಬಿ’ ಎಂದು ಬರೆದ ಮೇಲೆ ಮುಂದೆ ಏನೂ ಬರಲಿಲ್ಲ. ಹಾಗೇ ಒಳಗೆ ಇಟ್ಟೆ.

ಮಾರ್ಚ್ 14, ಮಂಗಳವಾರ

ಫೋನ್ ಮಾಡಿದಳು. ಹೇಗಿದ್ದೀಯಾ ಎಂದೂ ಇಲ್ಲ.

“ಏಳನೇ ಪುಸ್ತಕ, ನಲವತ್ತನೇ ಪುಟ. ಒಬ್ಬರಿಗೆ ಎರಡು ಸೊನ್ನೆ ಇದೆ. ಏನದು?”

“ಎರಡೂ ಭುಜ ಇಳಿದಿದ್ರೆ ಎರಡು.”

“ಎರಡೂ ಇಳಿದಿದ್ರೆ ಸಮಾನೇ ಅಲ್ವಾ?”

ಇಷ್ಟು ವರ್ಷದಲ್ಲಿ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಅದಕ್ಕೇ ಅವಳಿಗೆ ಮೊದಲ ದರ್ಜೆ. “ಅಪ್ಪನ್ನ ಕೇಳಿ ಹೇಳ್ತೀನಿ,” ಎಂದೆ. “ಭಾನುವಾರ ನಾನೇ ಬಂದು ಕೇಳ್ತೀನಿ,” ಎಂದು ಇಟ್ಟಳು.

ಮಾರ್ಚ್ 19, ಭಾನುವಾರ

ಗುಬ್ಬಿ ಹತ್ತು ಗಂಟೆಗೆ ಬಂದಳು. ಚಪ್ಪಲಿ ಬಿಡುತ್ತಲೇ ಹೇಳಿದಳು: “ಮೊದ್ಲೇ ಹೇಳ್ಬಿಡ್ತೀನಿ ಅಕ್ಕಾ. ಲೇಖಕರ ಸಾಲಲ್ಲಿ ನಿನ್ನ ಹೆಸರು ಹಾಕಲ್ಲ. ಕೊನೇಲಿ ಕೃತಜ್ಞತೆ ಅಂತ ಬರುತ್ತಲ್ಲ, ಅಲ್ಲಿ ಹಾಕ್ತೀನಿ. ನಂಗಿನ್ನೂ ಸಿಟ್ಟು ಹೋಗಿಲ್ಲ.”

“ಸರಿ. ಏಳನೇ ಪುಸ್ತಕ ತೆಗಿ,” ಎಂದೆ.

ಅವಳು ಪುಸ್ತಕ ತೆಗೆದಳು. ಆಮೇಲೆ ಕೂತಳು.

ಲೆಕ್ಕ ಬೇರೆ ಮಾಡಿ ತಂದಿದ್ದಾಳೆ. ಅವಳ ಸೊನ್ನೆಯವರು, ಬಿಚ್ಚಿ ಹೊಲಿಸಿಕೊಂಡವರು, ಉಳಿದವರಿಗಿಂತ ಐದು ವರ್ಷ ಹೆಚ್ಚು ಬಂದಿದ್ದಾರೆ. ನನ್ನ ಸೊನ್ನೆಯವರು, ಏನೂ ಕೇಳದೆ ಏನೂ ತಿಳಿಯದೆ ಸರಿಹೋದವರು, ಹನ್ನೆರಡು ವರ್ಷ. ನನ್ನದೇ ಹೆಚ್ಚು ಎಂದು ಒಂದು ಕ್ಷಣ ಹಿಗ್ಗಿದೆ. ಅದು ಅವಳಿಗೆ ಗೊತ್ತಾಗಿ, “ನಿನ್ನದಲ್ಲ, ಅಪ್ಪಂದು,” ಎಂದಳು. ಪತ್ರಿಕೆಯವರು ಬದಲಾದ ಪ್ರಬಂಧವನ್ನು ಮತ್ತೆ ಪರಿಶೀಲಿಸುತ್ತಾರಂತೆ. ಭರವಸೆ ಕೊಟ್ಟಿಲ್ಲ.

ಎರಡು ಸೊನ್ನೆಯ ವಿಷಯ ಅಪ್ಪನನ್ನು ಕೇಳಿದೆವು. “ಎರಡೂ ಇಳಿದಿದ್ರೆ ಮನುಷ್ಯ ಸೋತ ಹಾಗೆ ಕಾಣ್ತಾನೆ. ಎರಡಕ್ಕೂ ಇಡ್ಬೇಕು,” ಎಂದರು. ಗುಬ್ಬಿ ಅದನ್ನು ಹಾಗೇ ಬರೆದುಕೊಂಡಳು.

ಮಧ್ಯಾಹ್ನ ಫ್ಯಾನಿನ ಗಾಳಿಗೆ ಅವಳಿಗೆ ಚಳಿಯೆನಿಸಿ ಬಾಗಿಲ ಹಿಂದಿದ್ದ ನನ್ನ ಕಂದು ಕೋಟು ಎತ್ತಿ ಹೊದ್ದಳು. ಹೊದ್ದವಳು ಹೆಗಲ ಮೇಲೆ ಕೈಯಾಡಿಸುತ್ತ ನಿಂತಳು. ಕೋಟನ್ನು ತೆಗೆದು ಒಳಗಿನಿಂದ ಎರಡು ಭುಜವನ್ನೂ ಬೆರಳ ನಡುವೆ ಒತ್ತಿ ನೋಡಿದಳು.

“ಅಕ್ಕಾ, ಇಲ್ಲಿ ಮುಟ್ಟು.”

ಎಡಗಡೆ ಒಂದು ಪದರ ಹೆಚ್ಚು. ತೆಳ್ಳಗೆ, ಗೊತ್ತೇ ಆಗದ ಹಾಗೆ. ಅಲಮಾರಿ ತೆಗೆದು ಹಳೆಯ ನೀಲಿ ಕೋಟು, ಮೊದಲ ಕೆಲಸಕ್ಕೆ ಸೇರುವಾಗಿನ ಬೂದು ಕೋಟು ಎಲ್ಲ ಹೊರಗೆ ಎಳೆದೆವು. ಎಲ್ಲದರಲ್ಲೂ ಎಡಗಡೆ.

“ಅಪ್ಪಾ, ನಂಗೂನಾ?” ಎಂದೆ.

ಅಪ್ಪ ಒಮ್ಮೆ ಕೆಮ್ಮಿದರು.

ನಗು ತಡೆಯಲಾಗಲಿಲ್ಲ. ಗುಬ್ಬಿಯೂ ನಕ್ಕಳು, ತಿಂಗಳಾದ ಮೇಲೆ. ನಕ್ಕು ಮುಗಿಸಿ, ತನ್ನ ಮನೆಗೆ ಫೋನ್ ಮಾಡಿ, ಅಪ್ಪ ಹೊಲಿದ ತನ್ನ ಕೋಟುಗಳ ಭುಜ ಮುಟ್ಟಿ ನೋಡಲು ಗಂಡನಿಗೆ ಹೇಳಿದಳು. ಅವನು ಪಾಪ, ಒಂದೊಂದೇ ನೋಡಿ ಹೇಳಿದ. ಯಾವುದರಲ್ಲೂ ಏನೂ ಇಲ್ಲ.

“ನಂಗ್ಯಾಕಪ್ಪಾ ಒಂದಕ್ಕೂ ಇಟ್ಟಿಲ್ಲ?” ಎಂದಳು. ಕೇಳುವಾಗ ಧ್ವನಿ ಸ್ವಲ್ಪ ಸಣ್ಣಗಾಗಿತ್ತು.

“ನಿಂಗೆ ಬೇಕಿರ್ಲಿಲ್ಲ ಕಣಮ್ಮ.”

ಅವಳು ಕನ್ನಡಿಯ ಮುಂದೆ ಹೋಗಿ ನಿಂತು, ನೆಟ್ಟಗಾಗಿ, ತನ್ನ ಎರಡೂ ಭುಜಗಳನ್ನು ಬಹಳ ಹೊತ್ತು ನೋಡಿಕೊಂಡಳು. ಎರಡೂ ಸಮ. ಪಾಪ ಅನ್ನಿಸಿತು.